ಗವಾಕ್ಷಿಯಲ್ಲಿ ಬಂದದ್ದು

ಮೊದಲ ಸಲ ಅದು ಹೊತ್ತಿಕೊಂಡದ್ದು
ದರ್ಖಾನ್ ದಾರಿಯಲ್ಲಿ, ಟೋಲ್ ಗೇಟು ದಾಟಿದ ಮೇಲೆ.
ಹೊರಗೆ ಮೈನಸ್ ಮೂವತ್ತೊಂದು.
ಎಂಜಿನ್ನಿನ ಆಕಾರದ ಪುಟ್ಟ ಹಳದಿ ಚಿತ್ರ.
ಹಿಂದೆ ಕೂತಿದ್ದ ಮುದುಕಿ ಬಗ್ಗಿ ನೋಡಿ
"ಚೆಂದದ ಆಮೆ" ಅಂದಳು.

ಕಾರು ನಿಲ್ಲಲಿಲ್ಲ, ಕೆಮ್ಮಲಿಲ್ಲ, ಮುಗ್ಗರಿಸಲಿಲ್ಲ.
ಆಮೆ ಮಾತ್ರ ಕೂತೇ ಇತ್ತು,
ಖಾರ್‌ಖೋರಿನ್‌ನ ಕಲ್ಲಾಮೆಯ ಹಾಗೆ,
ಸಾಲ ಕೊಟ್ಟವನು ಬಾಗಿಲಲ್ಲಿ ಕೂತ ಹಾಗೆ.

ಚೊಯ್‌ಜಿಲ್‌ನ ಗ್ಯಾರೇಜೆಂದರೆ ಒಂದು ಹಡಗಿನ ಕಂಟೇನರು.
ಸ್ಟೀರಿಂಗಿನ ಕೆಳಗೆ ಸ್ಕ್ಯಾನರ್ ಚುಚ್ಚಿ
ತುಟಿಯಲ್ಲಿ ಸಿಗರೇಟಿಟ್ಟುಕೊಂಡೇ ಓದಿದ:
"ಪಿ ಸೊನ್ನೆ ನಾಲ್ಕು ಎರಡು ಸೊನ್ನೆ.
ಹೊಗೆ ಸೋಸುವ ಡಬ್ಬಿ ಹೋಗಿದೆ.
ಇಲ್ಲವೇ ಹೋಗಿಲ್ಲ, ಸೆನ್ಸರು ಹಾಗನ್ನುತ್ತಿದೆ.
ಇಲ್ಲವೇ ಸೆನ್ಸರೇ ಹೋಗಿದೆ."
ಹತ್ತು ಸಾವಿರ ತುಗ್ರಿಗ್ ಜೇಬಿಗಿಳಿಸಿ ಒಂದು ಗುಂಡಿ ಒತ್ತಿದ.
ದೀಪ ಆರಿತು.

ಮೂರು ದಿನ.
ಹೋದೆಯಾ ಪಿಶಾಚಿ ಅಂದರೆ ಗವಾಕ್ಷಿಯಲ್ಲಿ ಬಂದೆ ಅಂತಾರಲ್ಲ,
ನಮ್ಮ ಗುಡಾರದ ನೆತ್ತಿಯಲ್ಲೇ ಇದೆ ಗವಾಕ್ಷಿ,
ಒಲೆಯ ಹೊಗೆ ಹೋಗಲಿಕ್ಕೆ, ಒಂದಷ್ಟು ನಕ್ಷತ್ರ ಬರಲಿಕ್ಕೆ.
ನನ್ನ ಪಿಶಾಚಿಗೆ ಡ್ಯಾಶ್‌ಬೋರ್ಡೇ ಸಾಕಾಯಿತು.

ಸೆನ್ಸರ್ ಬದಲಿಸಿದೆ, ಭಾವಮೈದನ ದುಡ್ಡಲ್ಲಿ.
ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬದಲಿಸಿದೆ, ಯಾರೋ ಹೇಳಿದರೆಂದು.
ಪ್ಲಗ್ಗುಗಳನ್ನು ಬಿಚ್ಚಿ, ಒರೆಸಿ, ಅವನ್ನೇ ಮತ್ತೆ ಹಾಕಿದೆ.
ಒಮ್ಮೆ ಮೂರು ದಿನ, ಒಮ್ಮೆ ಹನ್ನೊಂದು,
ಒಮ್ಮೆ ಚೊಯ್‌ಜಿಲ್‌ನ ಬೀದಿಯ ತಿರುವು ದಾಟುವಷ್ಟರಲ್ಲೇ.
"ಕಪ್ಪು ಟೇಪು ಅಂಟಿಸು" ಅಂದಳು ಹಂದ್‌ಸುರೆನ್,
ಹಿಟ್ಟು ನಾದುತ್ತಾ, ತಿರುಗಿಯೂ ನೋಡದೆ.
ಅಂಟಿಸಿದೆ.
ರಾತ್ರಿ ಹೊತ್ತು ಟೇಪಿನ ಅಂಚಿನಿಂದ ಜಿನುಗುತ್ತಿತ್ತು,
ಚಾದರದೊಳಗೆ ಮೊಬೈಲು ನೋಡುವ ಮಗುವಿನ ಹಾಗೆ.

ಇನ್ನೊಂದು ಸಂಗತಿ.
ಆ ಕಾರು ಜಪಾನಿನಲ್ಲಿ ಹುಟ್ಟಿದ್ದು, ಅಲ್ಲೇ ಅರ್ಧ ಸವೆದದ್ದು.
ದಿನಾ ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಒಬ್ಬ ಹೆಂಗಸು
ಒಳಗಿಂದ ಏನೋ ಅನ್ನುತ್ತಿದ್ದಳು, ತುಂಬ ಮರ್ಯಾದೆಯಿಂದ.
ನಾನೂ ಕ್ಷೇಮ, ನೀನು ಹೇಗಿದ್ದೀ ತಾಯಿ, ಅನ್ನುತ್ತಿದ್ದೆ.
ನಾಲ್ಕು ವರ್ಷ.
ಸಪ್ಪೊರೋದಲ್ಲಿ ಓದಿ ಬಂದ ಹುಡುಗಿಯೊಬ್ಬಳು
ಮುಂದಿನ ಸೀಟಲ್ಲಿ ಕೂತಿದ್ದಾಗ ಕೇಳಿಸಿಕೊಂಡು ನಕ್ಕಳು:
"ಟೋಲ್ ಕಾರ್ಡು ಹಾಕಿಲ್ಲ ಅಂತಿದಾಳೆ ಮಾಮಾ, ಅಷ್ಟೇ."

ಮರುದಿನವೂ ಉತ್ತರ ಕೊಟ್ಟೆ. ಬಾಯಿಗೆ ರೂಢಿಯಾಗಿತ್ತು.

ಬಿಳಿ ತಿಂಗಳ ಹಬ್ಬಕ್ಕೆ ಮುಂಚೆ ಮಾರಬೇಕಾಗಿ ಬಂತು.
ಟೇಪು ಕಿತ್ತು ಚೊಯ್‌ಜಿಲ್‌ನ ಹತ್ತಿರ ಒಯ್ದೆ.
ಗುಂಡಿ ಒತ್ತಿದ.
ಈ ಸಲ ದುಡ್ಡು ತೆಗೆದುಕೊಳ್ಳಲಿಲ್ಲ,
ಮುಖವನ್ನೂ ನೋಡಲಿಲ್ಲ.

ಕೊಳ್ಳಲು ಬಂದವನು ಗಲ್ಸನ್, ಇಪ್ಪತ್ತೈದಿರಬೇಕು.
ಸುತ್ತು ಹಾಕಿದ, ಟೈರು ಒದ್ದ, ಬಾಗಿಲು ಮೂರು ಸಲ ಮುಚ್ಚಿ ನೋಡಿದ.
ಅವನ ಹೆಂಡತಿ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು
ಹಿಮದಲ್ಲಿ ನಿಂತಿದ್ದಳು, ಏಳು ತಿಂಗಳು.
"ಏನಾದರೂ ಕಿರಿಕಿರಿ ಇದೆಯಾ ಅಣ್ಣ?"
ಹೀಟರ್ ಚೆನ್ನಾಗಿದೆ, ಅಂದೆ.

ಒಂದನೆಯ ದಿನ, ಎರಡನೆಯ ದಿನ. ಲೆಕ್ಕ ಇಟ್ಟಿರಲಿಲ್ಲ ಅಂದರೆ ಸುಳ್ಳು.

ನಾಲ್ಕನೆಯ ರಾತ್ರಿ ಫೋನು.
ಹಿಂದೆ ಗಾಳಿ, ಎಲ್ಲೋ ದೂರದ ರಸ್ತೆ.
"ಅಣ್ಣ, ಸ್ಟಾರ್ಟ್ ಮಾಡಿದಾಗ ಒಂದು ಹೆಂಗಸು ಮಾತಾಡ್ತಾಳಲ್ಲ,
ಏನನ್ನುತ್ತಾಳೆ? ನನ್ನ ಹೆಂಡತಿಗೆ ತಿಳೀಬೇಕಂತೆ."
ಹುಷಾರಾಗಿ ಹೋಗಿ ಬಾ ಅನ್ನುತ್ತಾಳೆ, ಅಂದೆ.
ಆ ಕಡೆ ಅವನು ಅದನ್ನೇ ಅವಳಿಗೆ ಹೇಳಿದ.
ಅವಳು ನಕ್ಕದ್ದು ಕೇಳಿಸಿತು.

"ಮತ್ತೆ..." ಅಂದ.
ನಾನು ಎದ್ದು ಕೂತೆ. ಒಲೆ ಆರಿತ್ತು.
ಹೇಗೆ ಹೇಳುವುದೆಂದು ಅವನು ತಡಕಾಡುತ್ತಿದ್ದ:
"ಇಲ್ಲೊಂದು ಹಳದಿ..."

ಆಮೆ, ಅಂದೆ.