ಒಂದೇ ಮೆಸೇಜು

ಬೆಂಗ್ರೆಯ ನಮ್ಮ ಯುವಕ ಮಂಡಲಕ್ಕೆ
ಹನ್ನೆರಡು ಲೈಫ್ ಟ್ಯೂಬು ಬೇಕು.
ಹೋದ ವರ್ಷ ಅಳಿವೆಯಲ್ಲಿ ಹೋದ ಹುಡುಗನ ಚಪ್ಪಲಿ
ಇನ್ನೂ ಮಂಡಲದ ಕಿಟಕಿಯಲ್ಲಿದೆ.

ಚರಣ ತಿಂಗಳಾಯ ಲಿಂಕು ಮಾಡಿದ,
ಕೆಳಗೊಂದು ಪಟ್ಟಿ: ಕೊಟ್ಟವರ ಮುಂದೆ ಹಸಿರು ಟಿಕ್ಕು,
ಕೊಡದವರ ಮುಂದೆ ಏನೂ ಇಲ್ಲ.
‘ದಿನಾ ಬೆಳಿಗ್ಗೆ ಹಾಕುವ,
ನಾಚಿಕೆಗಾದರೂ ಕೊಡ್ತಾರೆ.’

ನಾನು ಕಾರ್ಯದರ್ಶಿ. ಹೂಂ ಅಂದೆ.

ಮರುದಿನ ಏಳಕ್ಕೆ ಕಳಿಸಿದ ರಿಮೈಂಡರು
ಟೊಂಯ್ ಎಂದದ್ದು ನಮ್ಮ ಅಡಿಗೆಕೋಣೆಯಲ್ಲೇ,
ಅಕ್ಕಿ ಡಬ್ಬದ ಮೇಲೆ.
ಅಮ್ಮ ಕೈ ಒರೆಸಿಕೊಂಡು ನೋಡಿದಳು.
ಜುಲೈ. ಬೋಟುಗಳೆಲ್ಲ ದಕ್ಕೆಯಲ್ಲಿ ಹಗ್ಗ ಕಚ್ಚಿ ಮಲಗಿವೆ,
ಅವಳ ಮೀನಿನ ಬುಟ್ಟಿ ಮಾಡಿನಡಿ ಕವುಚಿ ಬಿದ್ದು
ಒಂದೂವರೆ ತಿಂಗಳು.
ಶಾಲೆಯ ಗುಂಪು, ಭಜನಾ ಮಂದಿರದ ಗುಂಪು, ಸಂಘದ ಕಂತು,
ಈಗ ನಾನು.
‘ಏತ್ ಬೋಡು ಮಗಾ?’ ಎಂದಳು ಮೆಲ್ಲಗೆ,
ಬ್ಯಾಂಕಿನವರೊಡನೆ ಮಾತಾಡುವ ಹಾಗೆ.
ಪಟ್ಟಿಯಲ್ಲಿ ಹದಿನೇಳನೆಯವಳು, ಸುಮತಿ ಪುತ್ರನ್,
ಮುಂದೆ ಏನೂ ಇಲ್ಲ.

ಫೆರಿಯಲ್ಲಿ ನಿಂತು ಪಟ್ಟಿ ಅಳಿಸಿದೆ.
ಚರಣ ಎರಡು ದಿನ ಮಾತು ಬಿಟ್ಟ.

ಆಗಸ್ಟಿನಲ್ಲಿ, ಮೊದಲ ಬೋಟು ಬಂದ ಮೇಲಿನ ಶನಿವಾರ
ಒಂದೇ ಮೆಸೇಜು ಹಾಕಿದೆವು:
ಹೆಸರು ಯಾರಿಗೂ ಕಾಣುವುದಿಲ್ಲ, ಮತ್ತೆ ಕೇಳುವುದಿಲ್ಲ,
ಹತ್ತು ರೂಪಾಯಿಯೂ ಆಗುತ್ತದೆ,
ಆಗದಿದ್ದರೂ ಆಗುತ್ತದೆ.

ಒಂಬತ್ತು ಟ್ಯೂಬಿಗಾಯಿತು.
ಗೋಡೆಯಲ್ಲಿ ಮೂರು ಮೊಳೆ ಖಾಲಿ.
ಲೆಕ್ಕದ ಕೊನೆಗೊಂದು ಮೂವತ್ತೇಳು ರೂಪಾಯಿ,
ರಾತ್ರಿ ಹನ್ನೊಂದಕ್ಕೆ ಬಂದದ್ದು.
ಫೋನಿನ ದುಡ್ಡಿಗೆ ಮೀನಿನ ವಾಸನೆ ಇರುವುದಿಲ್ಲ.
ಯಾರದೆಂದು ನಾನು ಒತ್ತಿ ನೋಡಲಿಲ್ಲ.