ಸುಂಕದವನು

ಕೆಂಟಕಿಯ ಪೂರ್ವಕ್ಕೆ,
ಬೆಟ್ಟಕ್ಕೆ ಬೆಟ್ಟ ಭುಜ ಕೊಟ್ಟು ನಿಂತ ಕಡೆ
ಹಳ್ಳದ ಪಕ್ಕ ಹಳ್ಳದಷ್ಟೇ ಅಗಲದ ರಸ್ತೆ.
ಮೂರನೇ ತಿರುವಿನಲ್ಲಿ ಓರ್ಲೀನ್ ಮುದುಕಿಯ ಟ್ರೇಲರ್ ಮನೆ,
ಅಂಗಳದಲ್ಲಿ ಕೆಟ್ಟ ವಾಷಿಂಗ್ ಮೆಷೀನು,
ಅದರ ಹಿಂದಿನಿಂದ ಕವಣೆ ಕಲ್ಲಿನ ಹಾಗೆ
ಅವನು.

ಕಂದು ಮೈ. ಒಂದು ಕಿವಿ ನೆಟ್ಟಗೆ,
ಇನ್ನೊಂದು ಯಾವುದೋ ಜಗಳಕ್ಕೆ ಕೊಟ್ಟದ್ದು.
ಸುಂಕದವನು ಅಂತ ಹೆಸರಿಟ್ಟವರು ನಾವೇ,
ಕಲ್ಲಿದ್ದಲು ಲಾರಿಯವರು.
‘ಎದ್ದಿದ್ದಾನೆ ಕಣ್ರೋ, ಹುಷಾರು’ ಎಂದು
ಹಿಂದಿನ ಲಾರಿಗೆ ವೈರ್‌ಲೆಸ್ಸಿನಲ್ಲಿ ಹೇಳಿ ನಗುತ್ತಿದ್ದೆವು.
ದಿನಕ್ಕೆ ನಲವತ್ತು ಲಾರಿ.
ನಲವತ್ತನ್ನೂ ಅಟ್ಟಿ, ಸೇತುವೆ ದಾಟಿಸಿ,
ನಾಲಗೆ ಇಳಿಬಿಟ್ಟು, ಬಾಲ ಎತ್ತಿ ಮರಳುತ್ತಿದ್ದ.
ಇಪ್ಪತ್ತು ಟನ್ನಿನ ಒಂದು ಲಾರಿಯೂ
ತಿರುಗಿ ನಿಂತು ಎದುರಾಡಲಿಲ್ಲ.
ಅವನ ಲೆಕ್ಕದಲ್ಲಿ ಅವನು ಸೋತ ದಿನವೇ ಇಲ್ಲ.

ಒಂದು ಮಂಗಳವಾರ ಗಣಿಯ ಗೇಟಿಗೆ ಕಾಗದ ಅಂಟಿಸಿದ್ದರು.
ಕೊನೆಯ ಸಂಬಳದ ಚೆಕ್ಕು
ಬ್ಯಾಂಕಿಗೆ ಹೋಗಿ ಹಾಗೇ ವಾಪಸು ಬಂತು.
ಬುಧವಾರ ಬೆಳಗಿನಿಂದ ಸಂಜೆಯವರೆಗೂ
ಅವನು ತಿರುವಿನಲ್ಲಿ ಕೂತೇ ಇದ್ದನಂತೆ.
‘ಗಂಜಿ ಮುಟ್ಟಲಿಲ್ಲ ಹೋಬರ್ಟ್,
ಆ ಒಂದು ಕಿವಿ ಮಾತ್ರ ಗಣಿಯ ಕಡೆಗೆ’
ಅಂದಳು ಓರ್ಲೀನ್.
ಗುರುವಾರ ಅಂಚೆಯ ಜೀಪು ಬಂತು, ಪಾಪ.
ನಲವತ್ತು ಲಾರಿಯ ಬಾಕಿಯನ್ನು
ಅದೊಂದರಿಂದಲೇ ವಸೂಲು ಮಾಡಿದ.

ಬೇಸಿಗೆಗೆ ಸೈಕಲಿನವರು ಬರುತ್ತಾರೆ.
ಸಮುದ್ರದಿಂದ ಸಮುದ್ರಕ್ಕೆ ದೇಶವಿಡೀ ತುಳಿಯುವವರು.
ಗಿಳಿಹಸಿರು ಅಂಗಿ, ಬಿಗಿ ಚಡ್ಡಿ,
ಹ್ಯಾಂಡಲಿಗೆ ಕಟ್ಟಿದ ಖಾರದ ಸ್ಪ್ರೇ.
ಬೊಗಳುವ ನಾಯಿ ಕಚ್ಚುವುದಿಲ್ಲ ಎಂಬ ಗಾದೆಯನ್ನು
ತಮ್ಮ ಹಿಮ್ಮಡಿಯ ಮೇಲೆ ಪರೀಕ್ಷಿಸಲು ಒಪ್ಪದೆ
ಏರಿನಲ್ಲೂ ಹಾರುತ್ತಾರೆ.
ಅವನಿಗೆ ಅಷ್ಟು ಸಾಕು. ಸೈಕಲಾದರೇನು,
ಓಡುತ್ತದಲ್ಲ.

ಜುಲೈನಲ್ಲಿ, ಇಪ್ಪತ್ತು ಡಾಲರಿಗೆ
ಓರ್ಲೀನಳ ಮೆಟ್ಟಿಲು ರಿಪೇರಿ ಮಾಡುತ್ತಿದ್ದೆ.
ಫೆಮ್ಕೆ ಎಂಬ ಹುಡುಗಿ, ಡಚ್ಚರವಳು, ಒಬ್ಬಳೇ,
ಏರು ಹತ್ತುತ್ತಾ ಬಂದಳು. ಅವನು ಹಾರಿದ.
ಅದೇ ಗಳಿಗೆಗೆ ಅವಳ ಚೈನು ಕಳಚಿತು.
ಸೈಕಲು ನಿಂತಿತು.

ನಿಂತ ಚಕ್ರವನ್ನು
ಅವನು ಜನ್ಮದಲ್ಲಿ ಹಿಡಿದವನಲ್ಲ.
ಬೊಗಳು ಅರ್ಧಕ್ಕೇ ತುಂಡಾಯಿತು.
ಅವಳನ್ನು ನೋಡಿದ. ಚಕ್ರ ನೋಡಿದ.
ಆಮೇಲೆ, ಸುತ್ತಿಗೆ ಎತ್ತಿದವನು ಎತ್ತಿದಂತೇ ಇದ್ದ
ನನ್ನ ಕಡೆ ತಿರುಗಿದ,
ಈಗೇನು ಮಾಡೋದು ಅನ್ನುವಂತೆ.
ಆ ಮುಖ ನನಗೆ ಗೊತ್ತು.
ಆ ಮಂಗಳವಾರದಿಂದ ದಿನಾ ಕ್ಷೌರ ಮಾಡುತ್ತಿದ್ದೇನೆ ಅದಕ್ಕೆ.

ಕೊನೆಗೆ ಹಿಂದಿನ ಚಕ್ರದ ಬಳಿ ಹೋಗಿ ಕಾಲೆತ್ತಿದ.
ಉತ್ಸಾಹವೇನಿಲ್ಲ. ಸಂಜೆ ಐದಕ್ಕೆ
ಗುಮಾಸ್ತ ಮೊಹರು ಒತ್ತುವ ಹಾಗೆ.
ಹುಡುಗಿ ಗ್ರೀಸಿನ ಕೈಯಲ್ಲೇ ಬಾಯಿ ಮುಚ್ಚಿಕೊಂಡು ನಕ್ಕಳು,
ಮೂಗಿನ ಕೆಳಗೆ ಮೀಸೆ ಮೂಡಿತು,
ಹಾಗೇ ಹೊರಟುಹೋದಳು ಪಶ್ಚಿಮಕ್ಕೆ.
ಅವನು ಹಿಂದೆ ಓಡಲಿಲ್ಲ.
ಮೂರು ದಿನ ಯಾರ ಹಿಂದೆಯೂ ಓಡಲಿಲ್ಲ.
ಅಂಚೆಯವಳು ಜೀಪು ನಿಲ್ಲಿಸಿ ಕೇಳಿದಳು:
‘ಏನಾಯ್ತು ಇವನಿಗೆ, ಹುಷಾರಿಲ್ಲವಾ?’

ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬಾರದಂತೆ.
ನಾನೇನೂ ಹೇಳಿಕೊಳ್ಳುವುದಿಲ್ಲ.
ಪೆಟ್ರೋಲು ದುಬಾರಿ, ಹೋಗಬೇಕಾದ ಊರೂ ಇಲ್ಲ.
ಆದರೂ ಸಂಜೆ ಒಮ್ಮೆ ಹಳೇ ಪಿಕಪ್ಪು ತೆಗೆದು
ಮೂರನೇ ತಿರುವಿನಲ್ಲಿ ಹಾರನ್ನು ಒತ್ತಿ
ಓಡುತ್ತೇನೆ.
ಕನ್ನಡಿಯಲ್ಲಿ ಧೂಳು, ಧೂಳಿನೊಳಗೆ ಹಲ್ಲು, ಒಂದು ಕಿವಿ.
ಸೇತುವೆಯಾಚೆ ನಿಲ್ಲಿಸಿ, ಎಂಜಿನ್ನು ಆರಿಸಿ,
ಅವನು ಗೆದ್ದು ಮನೆ ಸೇರುವವರೆಗೂ ಕಾಯುತ್ತೇನೆ.

ಈಚೆಗೆ ಹಿಂಗಾಲು ಎಳೆಯುತ್ತಾನೆ.
ನಿನ್ನೆ ಅಂಚೆಪೆಟ್ಟಿಗೆಯ ಹತ್ತಿರವೇ ಏದುಸಿರು.
ಕನ್ನಡಿ ನೋಡುತ್ತಾ
ಎರಡರಿಂದ ಒಂದನೇ ಗೇರಿಗೆ ಇಳಿಸಿದೆ.