ಅಳತಿ

ಎಣಿಸೂದು ನನ್ನ ಕಸಬು.
ಹುಕ್ಕು, ಸೂಜಿ, ಗುಂಡಿ, ಫಾಲಿನ ಗಜ,
ಭವಾನಿ ಪೇಠಿನಿಂದ ತಂದ ಬಣ್ಣಬಣ್ಣದ ರೀಲು,
ಎಲ್ಲಾ ಎಣಿಸಿ ಡಬ್ಬಿಗೆ ಹಾಕಾಕಿ ನಾನು.
ಹಂಗಾಗಿ ತೇಜಸನ ಗುಳಿಗಿನೂ ಎಣಿಸ್ತೀನಿ.

ಅಕ್ಕಿ ಡಬ್ಬಿ ಹಿಂದ ಇಟ್ಟೀನಿ.
ಸಾಲ್ಯಾಗ ಕುಂತಲ್ಲಿ ಕುಂದ್ರದ ಹುಡುಗಗ
ಡಾಕ್ಟರ್ ಬಾಯಿ ಬರಕೊಟ್ಟದ್ದು.
ಅಂಗಡಿಯಾಂವ ಚೀಟಿಗೆ ಶಿಕ್ಕಾ ಹೊಡದು
ದಪ್ಪ ವಹಿಯೊಳಗ ನನ್ನ ಸಹಿ ತಗೊಂಡು
ನನ್ನ ಮಾರಿ ಒಮ್ಮೆ, ಚೀಟಿ ಒಮ್ಮೆ ನೋಡಿ ಕೊಡ್ತಾನ.
ಮುಂಜಾನೆ ಒಂದು. ಭಾನುವಾರ ಬ್ಯಾಡ.

ಸೋಮವಾರ ಎಣಿಸಿದೆ. ಹನ್ನೊಂದು ಇರಬೇಕಿತ್ತು.
ಏಳು.

'ಎಲ್ಲಿ ಚೆಲ್ಲಿದ್ಯೋ?' ಅಂತ ತೇಜಸನ ಕಿವಿ ಹಿಂಡಿದೆ.
'ಕಾಗಿ ಒಯ್ತು' ಅಂದ,
ಜಾಳಿಗಿ ಹಾಕಿದ ಮೂರನೇ ಮಜಲಿನ ಕಿಡಕಿ,
ಸೊಳ್ಳಿ ಸುದ್ದಾ ಒಳಗ ಬರೂದಿಲ್ಲ.
ಅಕ್ಕನ ಚಪ್ಪಲಿ ಕಡೆ ನೋಡಕೋತ ಅಂದ.

ಮೃದುಲಾ ಸದಾಶಿವ ಪೇಠಿನ ಅಭ್ಯಾಸಿಕಾದಾಗ
ತಿಂಗಳಿಗೆ ಒಂಬೈನೂರು ಕೊಟ್ಟು ಒಂದ ಖುರ್ಚಿ ಹಿಡದಾಳ.
ಸಿಎ ಪರೀಕ್ಷಾ, ಎರಡ ಸಲ ಹೋತು.
ದೀಪಾವಳಿ ಆದಮ್ಯಾಗ ಏನಾತೋ,
ರಾತ್ರಿ ಒಂದಕ್ಕ ಬಂದು ಮೂರಕ್ಕ ಎದ್ದು ಕುಂದ್ರೂದು,
ಓದೂದು ಮುಗಿದರ ಪಾತ್ರಿ ತಿಕ್ಕೂದು,
ತಿಕ್ಕಿದ ಪಾತ್ರಿನ ಮತ್ತ ತಿಕ್ಕೂದು.
ನಾನರೆ ಏನ ಮಾಡಿದೆ?
ಎದರ ಮನಿ ಶಿಂದೆಕಾಕೂಗ ಹೇಳಿದೆ,
'ನಮ್ಮ ಹುಡುಗಿ ನಿದ್ದಿನ ಗೆದ್ದಾಳ ನೋಡ್ರಿ.'
ಆ ಮಾತು ಈಗ ಹಲ್ಲಾಗ ಕಚ್ಚಿ ಹಿಡದ ಟಾಚಣಿ:
ನುಂಗಾಕ ಬರೂದಿಲ್ಲ,
ತಗಿಯಾಕ ಕೈ ಖಾಲಿ ಇಲ್ಲ.

ಟೇಪು ಮದಲ ಹೇಳಿತ್ತು.
ದಸರಾಕ್ಕ ನಡು ಇಪ್ಪತ್ತೆಂಟು ಇತ್ತು,
ಸಂಕ್ರಾಂತಿಗೆ ಇಪ್ಪತ್ತೈದೂವರಿ.
ಬ್ಲೌಜಿನ ಎರಡೂ ಬದಿ ಹಿಡದು ಹೊಲಿಗಿ ಹಾಕಿದೆ,
ಉಳದ ಬಟ್ಟಿ ಕತ್ತರಿಸಲಿಲ್ಲ, ಒಳಗ ಮಡಚಿಟ್ಟೆ,
ಮೈ ತುಂಬಿಕೊಂಡರ ಬಿಚ್ಚಾಕ ಬರಲಿ ಅಂತ.
ಕೈಗೆ ಗೊತ್ತಿತ್ತು, ತಲಿ ಒಪ್ಪಲಿಲ್ಲ.
ನಾಕ ಗುಳಿಗಿಗೆ ಎರಡೂವರಿ ಇಂಚು ಹೋಗೂದಿಲ್ಲ.
ಆ ಅಭ್ಯಾಸಿಕಾದಾಗ
ಯಾರ್ಯಾರ ಕಿಸೆದಾಗ ಯಾರ್ಯಾರ ತಮ್ಮಂದಿರ ಪಟ್ಟಿ ಅವನೋ.

ರಾತ್ರಿ ತೇಜಸ ಗೋಡಿ ಕಡೆ ಹೊಳ್ಳಿ ಹೇಳಿದ:
'ಅಕ್ಕನ ಕೇಳಿದಳವ್ವಾ. ಒಂದಕ್ಕ ಒಂದ ವಡಾಪಾವ್.
ಒಂದ ವಡಾಪಾವ್ ಪೂರಾ ನಾಯಿಗೇ ಹಾಕಿದೆ.'
ಆ ನಾಕು ದಿನ ಅವನ ಸಾಲಿ ಡೈರಿ ತುಂಬ ಕೆಂಪು ಶಾಯಿ.
ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ,
'ಅಕ್ಕಗೂ ನನ್ನಂಗ ಆಗೇದೇನು?'

ಏಳನ್ನೂ ಗುಂಡಿ ಡಬ್ಬಿಗೆ ಹಾಕಿ ಕೀಲಿ ಹಾಕೀನಿ.
ಕೀಲಿ ನನ್ನ ಕೊರಳಾಗ, ತಾಳಿ ಜೋಡಿ.

ಈಗ ಮೂರು ಹೊಡದದ. ಅಡಗಿಮನ್ಯಾಗ ದೀಪ.
ಮೃದುಲಾ ಡಬ್ಬಿ ಒರಸಾಕತ್ತಾಳ.
ನಿನ್ನಿಯಿಂದ ಹೊಲದಿಟ್ಟ ಬೈಗಳ
ಹೊಸ್ತಲ ದಾಟೂದರಾಗ ಎಳಿ ಬಿಚ್ಚಿಹೋದವು.
'ನಿಲ್ಲು, ಅಳತಿ ತಗೋತೀನಿ' ಅಂದೆ.
'ಈ ಹೊತ್ತಿನ್ಯಾಗ?'
ಅಂದರೂ ನಿಂತಳು.
ಸಣ್ಣಾಕಿದ್ದಾಗಿಂದ ಟೇಪು ಕಂಡ ಕೂಡಲೆ ಕೈ ಎತ್ತೂ ರೂಢಿ.

ಮದಲ ಮಣಿಕಟ್ಟು ಹಿಡದೆ. ನಾಡಿ,
ಬಟ್ಟಿ ಇಡದ ಮಶೀನು ತುಳದ್ಹಂಗ
ಟಕಟಕ ಟಕಟಕ,
ಏನೂ ಹೊಲೀದ, ಬರೇ ಸೂಜಿ.

'ಮೇ ಪರೀಕ್ಷಾ ತನಕ ಅಷ್ಟ ಅವ್ವಾ.'
ನಾ ಏನೂ ಕೇಳಿರಲಿಲ್ಲ.

ಎದಿಗೆ ಟೇಪು ಸುತ್ತಿದೆ, ಬಿಡಲಿಲ್ಲ.
ಕೆಳಗ ಹಾಲಿನ ಗಾಡಿಯಿಂದ ಕ್ರೇಟು ಇಳಸೂ ಸಪ್ಪಳ.
ಆಕೀ ಕೈಯಾಗಿನ ಅರಿವಿಯಿಂದ
ನನ್ನ ಪಾದದ ಮ್ಯಾಲ ನೀರು ತೊಟ್ಟಿಕ್ಕತಿತ್ತು.
ಟೇಪಿನ ಎರಡೂ ತುದಿ ನನ್ನ ಮುಟಗಿಯೊಳಗ.
ಎಷ್ಟು ಅಂತ ನೋಡಲಿಲ್ಲ.